ಅಕ್ಕಾವ್ರಿಗೆ ಕೇಳಿಸದ ಹೊಗಳಿಕೆ

ಜಹೀರಾಬಾದ್
12 ಜನವರಿ 2025

ಕಾಶಿನಾಥ ಅವರಿಗೆ ಶರಣು.

ತಾಂಡೂರಿನ ಮಿಲ್ಲಿನಲ್ಲಿ ನನ್ನನ್ನು ಬೀಳ್ಕೊಟ್ಟ ದಿನ ನೀವು ಕೈಯಲ್ಲಿ ಕಾಗದ ಹಿಡಿದು ಬಹಳ ಹೊತ್ತು ಏನೋ ಓದಿದಿರಿ. ಹಮಾಲರು ನಕ್ಕರು, ಬೇಳೆ ಆರಿಸುವ ಹೆಣ್ಣುಮಕ್ಕಳು ಕಣ್ಣೊರೆಸಿಕೊಂಡರು, ಆತ್ಮಾರಾಮ ಸೇಟ್ ಎರಡು ಸಲ ಗಡಿಯಾರ ನೋಡಿಕೊಂಡರು. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಪಕ್ಕದಲ್ಲಿದ್ದ ಬಕ್ಕಪ್ಪನವರು ನನ್ನ ಕೈ ಹಿಡಿದು ನಿಲ್ಲಿಸಿದರು. ನೀವು ಹೊಗಳುತ್ತಿದ್ದದ್ದು ನನ್ನನ್ನೇ ಅಂತೆ.

ನನ್ನ ಕಿವಿಯನ್ನು ಮಿಲ್ಲಿನ ರೋಲರ್ ಸದ್ದು ತಿಂದುಹಾಕಿದ್ದು ನಿಮಗೆ ಗೊತ್ತಿದೆ. ಫೋನಿನಿಂದ ಉಪಯೋಗವಿಲ್ಲ. ಸೊಸೆ ಮೊಬೈಲಿನಲ್ಲಿ ಅಕ್ಷರ ತೋರಿಸುತ್ತಾಳೆ, ಇರುವೆ ಸಾಲು ಹೋದ ಹಾಗೆ ಕಾಣುತ್ತದೆ. ಆದ್ದರಿಂದ ಅವತ್ತು ಓದಿದ್ದನ್ನು ದಪ್ಪ ಅಕ್ಷರದಲ್ಲಿ ಬರೆದು ಕಳಿಸಿ. ಲಾರಿಯ ಹಣಮಯ್ಯನವರ ಕೈಗೆ ಕೊಟ್ಟರೆ ಸಾಕು. ನಿಮ್ಮ ನಾರಾಯಣಖೇಡದಿಂದ ತಾಂಡೂರಿಗೆ ಹೋಗುವಾಗ ಅವರು ನಮ್ಮ ಮನೆ ಮುಂದೆಯೇ ಹಾಯುತ್ತಾರೆ.

ಸೇಟ್ ಅವರ ಹೊಸ ಮಿಲ್ಲಿಗೆ ಮ್ಯಾನೇಜರ್ ಆಗಿ ಹೋದವರು ಹೇಗಿದ್ದೀರಿ ಎಂದು ಕೇಳುವುದಿಲ್ಲ. ಅದು ನಿಮ್ಮ ಮೊದಲ ಮಾಲು ಕೆಟ್ಟ ದಿನ ಗೊತ್ತಾಗುತ್ತದೆ.

ನಿಮ್ಮ ಒಳಿತು ಬಯಸುವ
ಶಿವಗಂಗಾ


ನಾರಾಯಣಖೇಡ
20 ಜನವರಿ 2025

ಶಿವಗಂಗಾ ಅಕ್ಕಾವ್ರಿಗೆ ಕಾಶಿನಾಥನ ಶರಣು ಶರಣಾರ್ಥಿ.

ಊರು ನಾರಾಯಣಖೇಡ,
ನೆರಳು ಮಾತ್ರ ಕೇಳಬೇಡ.

ಇದು ಇಲ್ಲಿಗೆ ಬಂದ ಮೇಲೆ ಕಟ್ಟಿದ ಮೊದಲ ಪದ್ಯ. ನೆರಳಿಲ್ಲದ್ದು ತೊಗರಿ ಒಣಗಿಸುವವರಿಗೆ ಒಳ್ಳೆಯದೇ. ಕನ್ನಡ ಮಾಧ್ಯಮದ ಬಿ.ಎ. ಮಾಡಿದವನಿಗೆ ನಲವತ್ತೈದನೆಯ ವಯಸ್ಸಿನಲ್ಲಿ ಗಡಿಯ ಈಚೆ ತೆಲುಗು ಸೀಮೆಯಲ್ಲಿ ಸಿಗಬಹುದಾದ ಅತಿ ದೊಡ್ಡ ಕುರ್ಚಿ ಇದೇ ಇರಬೇಕು. ಒಂದು ಕಾಲು ಅಲ್ಲಾಡುತ್ತದೆ. ಕುರ್ಚಿಯದೋ ನನ್ನದೋ ಇನ್ನೂ ತೀರ್ಮಾನವಾಗಿಲ್ಲ.

ಅವತ್ತು ಓದಿದ್ದು ಇದು:

ಹೊಟ್ಟು ಹಾರಿದ ಬೇಳೆಯಂಥದು ಅಕ್ಕಾವ್ರ ಮಾತು,
ಅವರ ಮುಂದೆ ನಿಂತ ಜಗಳ ತಾನೇ ಹೋಯ್ತು ಸೋತು.
ಹಮಾಲನಿಗೂ ‘ರಿ’ ಎಂದರು, ಸೇಟಿಗೂ ‘ರಿ’ ಎಂದರು,
ನಮ್ಮ ತಪ್ಪಿನ ಮೂಟೆಯೆಲ್ಲ ತಾವೇ ಹೊತ್ತು ನಿಂದರು.

ಇನ್ನೂ ಇತ್ತು. ಸೇಟ್ ಗಡಿಯಾರ ನೋಡಿದ್ದರಿಂದ ಅರ್ಧ ಬಿಟ್ಟೆ.

ಕೊನೆಯ ಸಾಲು ಪ್ರಾಸಕ್ಕಾಗಿ ಬರೆದದ್ದಲ್ಲ ಅಕ್ಕಾವ್ರೆ. ಆ ವರ್ಷ ಪೆದ್ದೆಮುಲ್ ಕಡೆಯ ತೊಗರಿಯನ್ನು ಹಲ್ಲಿನಲ್ಲಿ ಕಡಿದು ನೋಡಿ, ಒಣಗಿದೆ ಎಂದು ಗೋದಾಮಿಗೆ ಇಳಿಸಿಕೊಂಡವನು ನಾನು. ವಾರದಲ್ಲಿ ರಾಶಿ ಹಬೆಯಾಡಿತು, ಕೈ ಹಾಕಿದರೆ ಸುಡುತ್ತಿತ್ತು. ಸೇಟ್ ಕರೆಸಿದಾಗ ನಾನು ಹೆದರಿ ನಿಮ್ಮ ಹಿಂದೆ ನಿಂತಿದ್ದೆ. ನೀವು ಮುಂದೆ ನಿಂತು ಎಲ್ಲವನ್ನೂ ನಿಮ್ಮ ಮೇಲೆ ಹಾಕಿಕೊಂಡಿರಿ. ಸಾಹೇಬರು ಎಂದರೆ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ಕಥೆಯನ್ನೇ ಹೇಳುತ್ತೇನೆ. ಕೇಳದಿದ್ದವರಿಗೂ ಹೇಳುತ್ತೇನೆ.

ಇಲ್ಲಿ ನನ್ನ ಕೈಕೆಳಗೆ ಮನಿಷಾ ಎಂಬ ಹುಡುಗಿ ಸೂಪರ್‌ವೈಜರ್. ಬಿಎಸ್ಸಿ ಓದಿದ್ದಾಳೆ. ಅಂಗಳದಲ್ಲಿ ಒಣಗಿಸುವುದು, ರೋಲರಿಗೆ ಯಾವಾಗ ಹಾಕಬೇಕೆಂದು ಹೇಳುವುದು ಅವಳ ಕೆಲಸ. ನನ್ನ ಪ್ರಾಸಗಳಿಗೆ ನಗುವುದಿಲ್ಲ. ಉಳಿದಂತೆ ದೋಷವಿಲ್ಲ.

ನಿಮ್ಮ ಗರಡಿಯಲ್ಲಿ ಪಳಗಿದ
ಕಾಶಿನಾಥ


ಜಹೀರಾಬಾದ್
2 ಫೆಬ್ರವರಿ 2025

ಕಾಶಿನಾಥ ಅವರಿಗೆ ಶರಣು.

ಹೊಗಳಿಕೆ ತಲುಪಿತು. ಸೊಸೆ ಗಟ್ಟಿಯಾಗಿ ಓದಿದಳು, ಪಕ್ಕದ ಮನೆಯವರಿಗೆ ಕೇಳಿಸಿತು, ನನಗಿಲ್ಲ. ಆಮೇಲೆ ನಾನೇ ಕಿಟಕಿ ಹತ್ತಿರ ಕುಳಿತು ಓದಿಕೊಂಡೆ. ಅದರಲ್ಲಿ ಸ್ವಲ್ಪ ನಾನಿದ್ದೇನೆ. ಉಳಿದದ್ದು ನನಗಿಂತ ಒಳ್ಳೆಯವರು ಯಾರೋ. ಒಂದು ಸಾಲಂತೂ ನಡೆದದ್ದೇ ಬೇರೆ. ಈಗ ಬೇಡ, ನಿಮ್ಮ ಸಂತೋಷ ಇನ್ನೊಂದು ಸ್ವಲ್ಪ ದಿನ ಇರಲಿ.

ಆ ಹುಡುಗಿ ನಿಮ್ಮ ಪ್ರಾಸಕ್ಕೆ ನಗುವುದಿಲ್ಲ ಎಂದಿರಿ. ಮತ್ತೆ ಯಾವುದಕ್ಕೆ ನಗುತ್ತಾಳೆ?

ಮೊಣಕಾಲು ನೋವು ಬಿಟ್ಟರೆ ಸುಖವಾಗಿರುವ
ಶಿವಗಂಗಾ


ನಾರಾಯಣಖೇಡ
3 ಮಾರ್ಚ್ 2025

ಅಕ್ಕಾವ್ರಿಗೆ ಶರಣು.

ನೀವು ಹೇಳಿದ ದಿನ ಬಂತು. ಮಾಲು ಕೆಟ್ಟಿತು.

ಎಣ್ಣೆ ಹಚ್ಚಿದ ತೊಗರಿ ಸರಿಯಾಗಿ ಬಿಸಿಲು ಕುಡಿಯದಿದ್ದರೆ ಹೊಟ್ಟು ಬಿಡುವುದಿಲ್ಲ, ಬೇಳೆ ಒಡೆದು ನುಚ್ಚಾಗುತ್ತದೆ. ಇದನ್ನು ನನಗೆ ಕಲಿಸಿದವರು ನೀವೇ. ಹೋದ ತಿಂಗಳ ಕೊನೆಗೆ ಕಾಲವಲ್ಲದ ಕಾಲದಲ್ಲಿ ಮೋಡ ಬಂತು. ಇನ್ನೂ ಒಂದು ದಿನದ ಬಿಸಿಲು ಬಾಕಿ ಇರುವಾಗಲೇ ಮನಿಷಾ ರಾಶಿ ಎತ್ತಿಸಿ ರೋಲರಿಗೆ ಹಾಕಿಸಿದಳು. ಅವತ್ತು ನಾನು ಪೇಟೆಗೆ ಹೋಗಿದ್ದೆ. ಬಂದು ನೋಡಿದರೆ ಬೇಳೆಗಿಂತ ನುಚ್ಚೇ ಹೆಚ್ಚು. ಇದ್ದದ್ದರಲ್ಲಿ ಆರಿಸಿ ಹೈದರಾಬಾದಿಗೆ ಕಳಿಸಿದೆವು, ವ್ಯಾಪಾರಿ ಚೀಲ ಬಿಚ್ಚಿ ನೋಡಿ ವಾಪಸ್ ಅಟ್ಟಿದ. ಸೇಟ್ ತಾಂಡೂರಿನಿಂದ ಫೋನ್ ಮಾಡಿದರು.

“ಯಾರ್ ಹಾಕಿದ್ರು ಇದನ್ನ ರೋಲರಿಗೆ?”

ಮನಿಷಾ ಎದುರಿಗೇ ನಿಂತಿದ್ದಳು. ಬಾಯಿ ತೆರೆದಳು. ನಾನು ಕೈ ಅಡ್ಡ ಹಿಡಿದೆ.

“ನಾನೇ ರಿ ಸೇಟ್. ಹಾಕ್ರಿ ಅಂತ ನಾನೇ ಅಂದೆ.”

“ಕಾಶಿನಾಥ, ನೀ ಹಿಂಗ ಮಾಡಾವ ಅಲ್ಲಲೇ.”

“ಮಾಡೀನ್ರಿ.”

“ವಯಸ್ಸಾತೇನೋ ನಿನಗ? ಆತು. ಇನ್ನ ಮ್ಯಾಲ ಪ್ರತಿ ಮಾಲಿಂದೂ ನಮೂನೆ ಇಲ್ಲಿಗೆ ಬರ್ಲಿ. ನಾ ಹೂಂ ಅಂದ ಮ್ಯಾಲನ ರೋಲರಿಗೆ.”

ಫೋನ್ ಇಟ್ಟ ಮೇಲೆ ಎದೆ ಹಗುರವಾಯಿತು ಅಕ್ಕಾವ್ರೆ. ನಾನು ನಿಮ್ಮಷ್ಟು ಎತ್ತರವಾಗಿದ್ದೇನೆ ಎನಿಸಿ, ಹೊರಗೆ ಬರುವಾಗ ಬಾಗಿಲಿಗೆ ತಲೆ ಬಡಿಯಬಹುದೆಂದು ಬಗ್ಗಿದೆ.

ಮೋಡ ಬಂತು, ಬೇಳೆ ಹೋಯ್ತು, ಆದರೇನು ನಷ್ಟ?
ಅಕ್ಕಾವ್ರ ದಾರಿಯಲಿ ನಡೆದೆ, ಅದಕೇಕೆ ಕಷ್ಟ?

ನಿಮ್ಮ ಹೆಜ್ಜೆಯಲ್ಲಿ ಹೆಜ್ಜೆ ಇಟ್ಟ
ಕಾಶಿನಾಥ


ನಾರಾಯಣಖೇಡ
14 ಮಾರ್ಚ್ 2025

ಅಕ್ಕಾವ್ರಿಗೆ ಶರಣು.

ಹಿಂದಿನ ಕಾಗದಕ್ಕೆ ಉತ್ತರ ಬರಲಿಲ್ಲ. ಹಣಮಯ್ಯನನ್ನು ಕೇಳಿದೆ. “ಓದಿದ್ರು, ಮಡಚಿದ್ರು, ಚಹಾ ಕೊಟ್ರು, ಹೋಗ್ರಿ ಅಂದ್ರು” ಎಂದ. ನಿಮ್ಮ ಮಡಚುವಿಕೆಯ ಅರ್ಥ ನನಗೆ ಸ್ವಲ್ಪ ಗೊತ್ತು. ಆದರೂ ಬರೆಯುತ್ತೇನೆ, ಬೇರೆ ಯಾರಿಗೆ ಬರೆಯಲಿ?

ಮನಿಷಾ ಅವತ್ತಿನಿಂದ ನನ್ನ ಜೊತೆ ಕೆಲಸದ ಮಾತು ಬಿಟ್ಟರೆ ಬೇರೆ ಆಡಿರಲಿಲ್ಲ. ಉಪಕಾರದ ಭಾರಕ್ಕೆ ನಾಚಿಕೊಂಡಿದ್ದಾಳೆ ಎಂದುಕೊಂಡೆ. ನಿನ್ನೆ ಚಹಾ ತರಿಸಿ ಕೂಡಿಸಿದೆ.

“ಕುಡಿಯಮ್ಮ. ಆಗಿದ್ದು ಆಗಿಹೋತು. ಮನಸಿನ್ಯಾಗ ಇಟ್ಕೋಬ್ಯಾಡ.”

“ಸರ್, ಸೇಟ್‌ರ ಮುಂದ ನನ್ನ ಹೆಸರು ಯಾಕ ಹೇಳಲಿಲ್ರಿ?”

“ನಿನ್ನ ಉಳಸಾಕ.”

“ಉಳಸ್ರಿ ಅಂತ ನಾ ಕೇಳಿದ್ನೇನ್ರಿ?”

ನಾನು ಚಹಾ ಊದಿದೆ. ಅದು ಆರಿ ಬಹಳ ಹೊತ್ತಾಗಿತ್ತು.

“ಆ ರಾಶಿ ನಾ ಯಾಕ ಎತ್ತಿಸಿದೆ ಅಂತ ಇವತ್ತಿನ ತನಕ ಕೇಳಿರೇನ್ರಿ ನೀವು? ತಪ್ಪು ಮಾಡಿದೆ, ಖರೆ. ಹೆಂಗ ತಪ್ಪಾತು ಅಂತ ಹೇಳಾಕ ನನಗ ಬರ್ತದ. ಈಗ ಸೇಟ್‌ರ ಲೆಕ್ಕದಾಗ ನೀವು ಮುದುಕರಾದ್ರಿ, ನಾ ಹುಟ್ಟೇ ಇಲ್ಲ. ನಮೂನೆ ಲಾರಿ ಹತ್ತಿ ತಾಂಡೂರಿಗೆ ಹೋಗ್ತದ, ಹೂಂ ಅನಿಸ್ಕೊಂಡು ಬರ್ತದ. ನಾ ಇಲ್ಲಿ ಏನ್ ಮಾಡ್ಲಿ, ಅಂಗಳದಾಗ ಗುಬ್ಬಿ ಹೊಡೀಲೇನು?”

“ಹಂಗಲ್ಲಮ್ಮ…”

“ನನ್ನ ತಪ್ಪು ನನಗ ವಾಪಸ್ ಕೊಡ್ರಿ ಸರ್.”

ಇಪ್ಪತ್ತು ವರ್ಷ ಮಿಲ್ಲಿನಲ್ಲಿ ಕಳೆದಿದ್ದೇನೆ. ಚೀಲ ವಾಪಸ್ ಕೇಳಿದವರುಂಟು, ಮುಂಗಡ ವಾಪಸ್ ಕೇಳಿದವರುಂಟು. ಇದನ್ನು ಕೇಳಿದವರನ್ನು ಕಂಡಿರಲಿಲ್ಲ. ನಿಮ್ಮ ಊರಿನ ಒಂದು ಮಿಲ್ಲಿನವರು ಅವಳನ್ನು ಕರೆದಿದ್ದಾರಂತೆ. ಯುಗಾದಿ ಆದ ಮೇಲೆ ಹೋಗುತ್ತೇನೆ ಎಂದಳು. ಹೋದರೆ ಇಂಥ ಇನ್ನೊಬ್ಬರು ನನಗೆ ಸಿಗುವುದಿಲ್ಲ. ಅದಕ್ಕಿಂತ, ನಾನು ಒಳ್ಳೆಯ ಸಾಹೇಬ ಅಲ್ಲ ಎಂದು ಮುಖದ ಮೇಲೆ ಹೇಳಿಯೇ ಹೋದ ಹಾಗಾಗುತ್ತದೆ.

ಹೊತ್ತೆ ತಪ್ಪಿನ ಮೂಟೆ,
ಸಿಕ್ಕಿತು ಬರೀ ತರಾಟೆ.

ನೀವು ಮಾಡಿದ್ದನ್ನೇ ನಾನು ಮಾಡಿದೆನಲ್ಲ ಅಕ್ಕಾವ್ರೆ. ನಿಮಗೆ ಫಲಿಸಿದ್ದು ನನಗೇಕೆ ಫಲಿಸಲಿಲ್ಲ?

ದಾರಿ ಕಾಣದ
ಕಾಶಿನಾಥ


ಜಹೀರಾಬಾದ್
20 ಮಾರ್ಚ್ 2025

ಕಾಶಿನಾಥ ಅವರಿಗೆ ಶರಣು.

ನಾನು ಮಾಡಿದ್ದನ್ನು ನೀವು ಮಾಡಿಲ್ಲ. ನಾನು ಮಾಡಿದೆನೆಂದು ನೀವು ಹೇಳಿಕೊಂಡು ತಿರುಗಿದ್ದನ್ನು ಮಾಡಿದ್ದೀರಿ.

ಆ ಪೆದ್ದೆಮುಲ್ ತೊಗರಿಯ ದಿನ ನಾನು ಸೇಟ್ ಮುಂದೆ ಏನನ್ನೂ ಹೊತ್ತುಕೊಳ್ಳಲಿಲ್ಲ. ಮುಂದೆ ನಿಂತದ್ದೂ ನಾನಲ್ಲ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಮಾತಾಡಿದವರು ನೀವು. ಯಾವ ರೈತರ ಮಾಲು, ಎಷ್ಟು ಚೀಲ ಬಿಚ್ಚಿಸಿದಿರಿ, ಎಲ್ಲಿ ಅವಸರ ಮಾಡಿದಿರಿ, ಎಲ್ಲವನ್ನೂ ಹೇಳಿದಿರಿ. ಆಗ ನನಗೆ ಕಿವಿ ಕೇಳುತ್ತಿತ್ತು. ಸೇಟ್ ನಡುವೆ ಬೈಯಲು ಹೊರಟಾಗ “ಅವರು ಇನ್ನ ಮುಗಿಸಿಲ್ರಿ” ಎಂದೆ. ಅಷ್ಟೇ ನನ್ನ ಪಾಲು. ಹೆದರಿದ್ದವರಿಗೆ ತಾವು ಆಡಿದ ಮಾತು ನೆನಪಿರುವುದಿಲ್ಲ, ಯಾರೋ ಕಾಪಾಡಿದರು ಎಂದಷ್ಟೇ ಉಳಿಯುತ್ತದೆ. ನೀವು ಹೇಳುತ್ತ ಬಂದ ಕಥೆ ನನ್ನ ಕಿವಿಗೆ ಬಿದ್ದಿದ್ದರೆ ಅಂದೇ ತಡೆಯುತ್ತಿದ್ದೆ. ಅದು ಶುರುವಾಗುವ ಹೊತ್ತಿಗೆ ಕಿವಿ ಹೋಗಿತ್ತು.

ಅವತ್ತು ನಿಮ್ಮ ತಪ್ಪನ್ನು ನಾನು ಹೊತ್ತಿದ್ದರೆ, ಆಮೇಲೆ ನೀವು ತೊಗರಿ ನೋಡಲು ಕಲಿಯುತ್ತಿರಲಿಲ್ಲ, ನನ್ನ ಮುಖ ನೋಡಲು ಕಲಿಯುತ್ತಿದ್ದಿರಿ. ಕೆಲವರದನ್ನು ನಾನು ಹೊತ್ತದ್ದೂ ಉಂಟು. ಕರುಣೆ ಬಂದು ಹೊತ್ತೆ, ಅಥವಾ ಅವರಿಂದ ಆಗುವುದಿಲ್ಲ ಎಂದುಕೊಂಡು ಹೊತ್ತೆ. ಅವರು ನನಗೆ ಕೈಮುಗಿಯುತ್ತಲೇ ಉಳಿದರು. ಮ್ಯಾನೇಜರ್ ಆದವರು ನೀವೊಬ್ಬರೇ.

ಇನ್ನೊಂದು ಮಾತು. ಮೋಡ ಎಲ್ಲರ ಮಿಲ್ಲಿನ ಮೇಲೂ ಬರುತ್ತದೆ. ಅವಸರ ಆ ಹುಡುಗಿಗೇ ಯಾಕೆ ಬಂತು? ನಿಮ್ಮ ಅಂಗಳ ದೊಡ್ಡದು ಎಂದು ಕೇಳಿದ್ದೇನೆ. ಅವತ್ತು ಅದರಲ್ಲಿ ಮತ್ತೇನಿತ್ತು? ಉತ್ತರವನ್ನು ನನಗೆ ಬರೆಯಬೇಡಿ. ಆಕೆಯನ್ನು ಕೇಳಿ.

ನಿಮ್ಮನ್ನು ಬಲ್ಲ
ಶಿವಗಂಗಾ


ನಾರಾಯಣಖೇಡ
24 ಮಾರ್ಚ್ 2025

ಅಕ್ಕಾವ್ರಿಗೆ ಶರಣು.

ನಿಮ್ಮ ಕಾಗದ ಓದಿ ಒಂದು ದಿನ ನಿಮ್ಮ ಮೇಲೆ ಸಿಟ್ಟಾಗಿದ್ದೆ. ಇಷ್ಟು ವರ್ಷ ಜೋಪಾನ ಮಾಡಿದ ಕಥೆಯನ್ನು ಒಂದೇ ಪುಟದಲ್ಲಿ ಕಿತ್ತುಕೊಂಡಿರಿ.

ಮನಿಷಾಳನ್ನು ಕೇಳಿದೆ. ಹೇಳಿದಳು. ಅದು ನನಗೂ ಗೊತ್ತಿದ್ದದ್ದೇ. ಗೊತ್ತಿದ್ದೂ ಅದರ ಕಡೆ ನೋಡದೆ ಇದ್ದೆ. ಯಾಕೆಂದು ನಿಮಗೆ ಬರೆಯುವುದಿಲ್ಲ, ಬೇಡವೆಂದು ನೀವೇ ಹೇಳಿದ್ದೀರಿ. ಅದಕ್ಕೆ ಬದುಕಿಕೊಂಡೆ.

“ಗುರುವಾರ ತಾಂಡೂರಿಗೆ ಹೋಗೂಣು. ಸೇಟ್‌ರ ಮುಂದ ನೀನೇ ಹೇಳು” ಎಂದೆ.

“ಎಲ್ಲಾ ಹೇಳ್ಲೇನ್ರಿ?”

“ಎಲ್ಲಾ.”

“ಅಂಗಳದ್ದೂ?”

ನಾನು ಲೆಕ್ಕದ ಪುಸ್ತಕ ತೆರೆದು ಹಾಳೆ ತಿರುವಿದೆ. ಅಷ್ಟರಲ್ಲಿ ಅವಳು ಎದ್ದು ಹೋಗಿದ್ದಳು.

ಇವತ್ತು ಪ್ರಾಸ ಹೊಳೆಯುತ್ತಿಲ್ಲ.

ಕಾಶಿನಾಥ


ಜಹೀರಾಬಾದ್
26 ಮಾರ್ಚ್ 2025

ಕಾಶಿನಾಥ ಅವರಿಗೆ ಶರಣು.

ನಾಳೆ ಇಬ್ಬರೂ ಹೊಟ್ಟೆ ತುಂಬ ಉಂಡು ಹೊರಡಿ. ಹಸಿದುಕೊಂಡು ಹೋದರೆ ಬೇಗ ಮುಗಿಸಬೇಕೆನಿಸಿ ಕಡಿಮೆ ಹೇಳುತ್ತೀರಿ.

ಶಿವಗಂಗಾ


ನಾರಾಯಣಖೇಡ
6 ಏಪ್ರಿಲ್ 2025

ಶಿವಗಂಗಾ ಅಮ್ಮನವರಿಗೆ ಮನಿಷಾಳ ನಮಸ್ಕಾರ.

ನೀವು ನನ್ನನ್ನು ನೋಡಿಲ್ಲ. ನಾನು ಓದಿದ್ದು ತೆಲುಗು ಶಾಲೆಯಲ್ಲಿ, ಕನ್ನಡ ಅಕ್ಷರ ಅವ್ವ ಕಲಿಸಿದ್ದು. ತಪ್ಪಿದ್ದರೆ ತಿದ್ದಿಕೊಳ್ಳಿ. ತಾಂಡೂರಿನಲ್ಲಿ ನಡೆದದ್ದನ್ನು ನಿಮಗೆ ಬರೆಯಬೇಕು ಎಂದು ಸರ್‌ಗೆ ದಿನಾ ನೆನಪು ಮಾಡಿದೆ. “ನಾ ಬರದ್ರ ನಾನೇ ದೊಡ್ಡಾಂವ ಆಗಿಬಿಡ್ತೀನಿ, ನೀನೇ ಬರಿ” ಎಂದರು.

ಉಂಡೇ ಹೋಗಿದ್ದೆವು. ಸೇಟ್ ಗಾದಿಯ ಮೇಲೆ ಕುಳಿತಿದ್ದರು.

“ಏನ್ ಕಾಶಿನಾಥ, ಜೋಡಿ ಯಾರನ್ನ ತಂದೀಯೋ?”

“ಆ ಮಾಲು ರೋಲರಿಗೆ ಹಾಕಿಸಿದವರು ಇವರು ರಿ. ಹೆಂಗಾತು ಅಂತ ಇವರನ್ನ ಕೇಳ್ರಿ.”

“ಮತ್ತ ನಾನೇ ಅಂತ ಅಂದಿದ್ಯಲ್ಲ?”

“ಸುಳ್ಳು ಹೇಳಿದ್ನಿರಿ.”

ಅಷ್ಟು ಹೇಳಿ ಸರ್ ಹಿಂದೆ ಸರಿದರು. ನಾನು ಶುರು ಮಾಡಿದೆ. ಮೋಡ ಬಂದದ್ದು ಹೇಳಿದೆ. ಹಾಸಿದ ತೊಗರಿಯ ಅಂಚಿನ ಕಾಳು ಕಡಿದು ನೋಡಿದೆ, ಕಟ್ ಎಂದಿತು, ಎತ್ತಿಸಿಬಿಟ್ಟೆ. ನಡುವೆ ಕೈ ಹಾಕಿ ನೋಡಲಿಲ್ಲ, ನಡುವೆ ಇನ್ನೂ ಹಸಿ ಇತ್ತು. ಅದು ನನ್ನ ತಪ್ಪು ಎಂದೆ. ಸೇಟ್ ಮುಗಿಯುವ ತನಕ ಕೇಳಿಸಿಕೊಂಡರು. ಆಮೇಲೆ, “ಅಂಚಿನ್ಯಾಗ ಒಣಗಿ ನಡುವ ಹಸಿ ಹೆಂಗ ಉಳೀತು? ತೆಳ್ಳಗ ಹಾಸಾಕ ಏನಾಗಿತ್ತು?” ಎಂದರು.

ನಾನು ಸರ್ ಕಡೆ ನೋಡಿದೆ. ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ಹಬ್ಬ ಹುಡುಕುತ್ತಿದ್ದರು. ಬೇಡ ಎಂದು ಕಣ್ಣಿನಲ್ಲಾದರೂ ಹೇಳುತ್ತಾರೆ ಎಂದು ಕಾದೆ. ಹೇಳಲಿಲ್ಲ.

“ಜಾಗಾ ಇರಲಿಲ್ರಿ. ಅರ್ಧ ಅಂಗಳದಾಗ ಮೊಗುಡಂಪಲ್ಲಿ ನಿಮ್ಮ ಬೀಗರ ತೊಗರಿ ಇತ್ತು. ಒಣಗಿ ಎಷ್ಟೋ ದಿನ ಆಗಿತ್ರಿ, ಎತ್ತಿರಲಿಲ್ಲ. ಎತ್ತಸ್ರಿ ಅಂತ ಸರ್‌ಗೆ ಎರಡ್ ಸಲ ಅಂದೆ. ಸೇಟ್‌ರ ಬೀಗರಿಗೆ ನಾ ಹೆಂಗ ಹೇಳ್ಲಿ ಅಂದ್ರು. ಅದಕ್ಕ ನಮ್ದು ದಪ್ಪ ಹಾಸಿದೆ. ದಪ್ಪ ಹಾಸಿದ್ದಕ್ಕ ಇನ್ನೊಂದು ದಿನ ಬೇಕಾಗಿತ್ತು. ಮೋಡ ನೋಡಿ ಅಂಜಿದೆ.”

ಸೇಟ್ ಗಾದಿಯ ಮೇಲೆ ಮುಂದಕ್ಕೆ ಸರಿದು ಕುಳಿತರು.

“ಖರೆ ಏನೋ ಇದು?” ಎಂದು ಸೇಟ್ ಸರ್‌ಗೆ ಕೇಳಿದರು.

“ಖರೆ ರಿ.”

ಅಮ್ಮ, ನಾನು ಇದಕ್ಕೂ ಮೊದಲು ಎರಡು ಕಡೆ ಕೆಲಸ ಮಾಡಿದ್ದೇನೆ. ‘ಖರೆ’ ಆದ ಮೇಲೆ ಸಾಹೇಬರ ಬಾಯಿಂದ ‘ಆದ್ರ…’ ಬರುತ್ತದೆ ಎಂದು ನನಗೆ ಗೊತ್ತು. ಅದಕ್ಕೇ ಕಾಯುತ್ತಿದ್ದೆ. ಬರಲಿಲ್ಲ. ಸರ್‌ಗೆ ಕುತ್ತಿಗೆಯಿಂದ ಬೆವರು ಇಳಿದು ಅಂಗಿ ಬೆನ್ನಿಗೆ ಅಂಟಿತ್ತು.

ಸೇಟ್ ನೀರು ಕುಡಿದರು. “ಬೀಗರಿಗೆ ಹೇಳಾಕ ನನಗೂ ಬಾಯಿ ಬರೂದಿಲ್ಲ, ಮಗಳು ಕೊಟ್ಟೀನಿ” ಎಂದರು. ಲೋಟ ಕೆಳಗಿಟ್ಟು, “ನಮೂನೆ ಕಳಸೂದು ಬಂದ್ ಮಾಡ್ರಿ. ಅಂಗಳ ಇನ್ನ ಮ್ಯಾಲ ಈ ಹುಡುಗಿದು. ಬೀಗರು ಕೇಳಿದ್ರೂ ಈಕಿನ್ನ ಕೇಳ್ರಿ ಅಂತ ಹೇಳ್ತೀನಿ. ಈ ವರ್ಷ ಇಬ್ಬರಿಗೂ ಇನಾಮು ಇಲ್ಲ, ಹೋಗ್ರಿ” ಎಂದರು.

ವಾಪಸ್ ಬರುವಾಗ ಲಾರಿಯಲ್ಲಿ ಸರ್ ಪೆದ್ದೆಮುಲ್ ತನಕ ಬೆರಳು ಮಡಚಿ ಏನೋ ಎಣಿಸುತ್ತಿದ್ದರು. ಆಮೇಲೆ, “ನೀ ಅಂದಿದ್ದು ಎರಡ್ ಸಲ ಅಲ್ಲ, ಒಂದ ಸಲ” ಎಂದರು. ಎರಡು ಸಲ ಎಂದೆ. ಒಂದೇ ಎಂದರು. ಹಣಮಯ್ಯಕಾಕಾ ಗಾಡಿ ನಿಲ್ಲಿಸಿ ಇಬ್ಬರನ್ನೂ ಇಳಿಸುತ್ತೇನೆ ಎನ್ನುವ ತನಕ ಜಗಳಾಡಿದೆವು. ನಿಮ್ಮ ಊರು ಬಂದಾಗ, ಅಕ್ಕಾವ್ರನ್ನ ಕಂಡು ಹೋಗೂಣು ನಡ್ರಿ ಎಂದೆ. “ಕಂಡು ಏನಂತ ಹೇಳ್ಲಿ? ನಾ ಏನೂ ಮಾಡಿಲ್ಲಲ್ಲ” ಎಂದರು. ಹೇಳುವಾಗ ಅವರ ಮುಖ ಬಾಡಿತ್ತು. ನನಗೆ ಹಾಗನಿಸಿತು.

ಜಹೀರಾಬಾದಿನ ಮಿಲ್ಲಿಗೆ ಬರುವುದಿಲ್ಲ ಎಂದು ಹೇಳಿಬಿಟ್ಟೆ. ಯುಗಾದಿಗೆ ನಮ್ಮ ಮನೆಯಿಂದ ಸರ್‌ಗೆ ಹೋಳಿಗೆ ಕಳಿಸಿದ್ದೆ. ಅದರ ಮೇಲೂ ಒಂದು ಪದ್ಯ ಬಂತು, ನಿಮಗೆ ಬರೆಯುವುದಿಲ್ಲ. ನಿನ್ನೆ ಬೀಗರ ಮಾಲು ಮತ್ತೆ ಬಂತು. ಒಣಗಿದ ಮರುದಿನ ಎತ್ತಬೇಕು ಎಂದು ನಾನೇ ಹೇಳಿದೆ. ಅವರು ಮುಖ ಗಂಟು ಹಾಕಿಕೊಂಡು ಸರ್ ಹತ್ತಿರ ಹೋದರು. ಸರ್ ನನ್ನ ಕಡೆ ಕೈ ತೋರಿಸಿ ಒಳಗೆ ಹೋಗಿಬಿಟ್ಟರು.

ಒಳ್ಳೆಯ ಸಾಹೇಬರು ಎಂದರೆ ನೀವೇ, ತಾನು ಮಾಡಿದ್ದೆಲ್ಲ ನಿಮ್ಮಿಂದ ಬಂದದ್ದು ಎಂದು ಸರ್ ಹೇಳುತ್ತಾರೆ. ಇರಬಹುದು ಅಮ್ಮ. ನಿಮ್ಮನ್ನು ನಾನು ನೋಡಿಲ್ಲ. ನಾನು ನೋಡಿದ್ದು ಅವರನ್ನು.

ಮನಿಷಾ